ಪಿಂಚಣಿಯ ಎರಡನೇ ವಾಕ್ಯ

2013ರ ಜುಲೈ 18ರಂದು ಡೆಟ್ರಾಯಿಟ್ ನಗರ ದಿವಾಳಿ ಅರ್ಜಿ ಹಾಕಿತು. ಸಾಲ ಸುಮಾರು 1,800 ಕೋಟಿ ಡಾಲರ್. ಅಮೆರಿಕದ ಬೇರಾವ ನಗರವೂ ಅಲ್ಲಿಯವರೆಗೆ ಅಷ್ಟು ದೊಡ್ಡ ಮೊತ್ತಕ್ಕೆ ದಿವಾಳಿ ಎದ್ದಿರಲಿಲ್ಲ. ನೌಕರರ ಪಿಂಚಣಿ ಊರನ್ನೇ ನುಂಗುತ್ತದೆ ಎನ್ನುವವರಿಗೆ ಅಂದಿನಿಂದ ಡೆಟ್ರಾಯಿಟ್ ಒಂದು ಸಿದ್ಧ ಉದಾಹರಣೆ. ಪಿಂಚಣಿ ಭಿಕ್ಷೆಯಲ್ಲ, ದುಡಿದವರಿಗೆ ತಡವಾಗಿ ಸಿಗುವ ಸಂಬಳ, ಅದನ್ನು ಮುಟ್ಟಬಾರದು ಎನ್ನುವುದು ಇನ್ನೊಂದು ಪಕ್ಷ. ನಾನು ಈ ಎರಡನೆಯವರ ಕಡೆಯವನು. ಆದರೆ ನನ್ನ ತಕರಾರು ಇರುವುದೂ ಅವರೊಡನೆಯೇ.

ಮೊದಲ ಪಕ್ಷಕ್ಕೆ ಉತ್ತರ ಕಷ್ಟವೇನಲ್ಲ. ಅಲ್ಲಿನ ಸಾಮಾನ್ಯ ನಿವೃತ್ತ ನೌಕರರಿಗೆ ಸಿಗುತ್ತಿದ್ದದ್ದು ಸರಾಸರಿ ವರ್ಷಕ್ಕೆ 19,000 ಡಾಲರ್ ಆಸುಪಾಸು. ಅದರಲ್ಲಿ ಯಾರೂ ಮೆರೆಯಲಾರರು. 1950ರಲ್ಲಿ 18 ಲಕ್ಷ ದಾಟಿದ್ದ ಜನಸಂಖ್ಯೆ 7 ಲಕ್ಷದ ಹತ್ತಿರಕ್ಕೆ ಇಳಿದಿತ್ತು. ತೆರಿಗೆ ಕಟ್ಟುವವರು ಊರು ಬಿಟ್ಟರು, ನಿವೃತ್ತರ ಪಟ್ಟಿ ಮಾತ್ರ ಅಲ್ಲೇ ಉಳಿಯಿತು. ಸಾಲದೆಂಬಂತೆ, ಪಿಂಚಣಿ ನಿಧಿಯ ಕೊರತೆ ತುಂಬಲು 2005ರಲ್ಲಿ 140 ಕೋಟಿ ಡಾಲರಿಗೂ ಮಿಕ್ಕಿ ಸಾಲ ಎತ್ತಿದ ನಗರ, ಬಡ್ಡಿ ಏರಬಹುದೆಂಬ ಭಯದಲ್ಲಿ ಬ್ಯಾಂಕುಗಳೊಡನೆ ಬಡ್ಡಿ ವಿನಿಮಯದ ಒಪ್ಪಂದ ಮಾಡಿಕೊಂಡಿತು. 2008ರ ಬಳಿಕ ಬಡ್ಡಿ ನೆಲ ಕಚ್ಚಿತು; ನಿಗದಿತ ದರಕ್ಕೆ ಕಟ್ಟುಬಿದ್ದಿದ್ದ ನಗರವೇ ಬ್ಯಾಂಕುಗಳಿಗೆ ವ್ಯತ್ಯಾಸ ತೆರಬೇಕಾಯಿತು. ಕೊನೆಗೆ ಕ್ಯಾಸಿನೊ ತೆರಿಗೆಯ ವರಮಾನವನ್ನೇ ಬ್ಯಾಂಕುಗಳಿಗೆ ಅಡವಿಡಬೇಕಾಯಿತು.

ನಮ್ಮ ಪಕ್ಷದವರೊಡನೆ ನನ್ನ ತಕರಾರು ಹುಟ್ಟುವುದು ಡೆಟ್ರಾಯಿಟ್ ಇರುವ ಮಿಷಿಗನ್ ರಾಜ್ಯದ 1963ರ ಸಂವಿಧಾನದಿಂದ. ಅದರ ಪಿಂಚಣಿ ವಿಧಿಯಲ್ಲಿ ಎರಡು ಮಾತುಗಳಿವೆ. ಗಳಿಸಿದ ಪಿಂಚಣಿಯನ್ನು ಕಡಿತ ಮಾಡುವಂತಿಲ್ಲ ಎಂಬುದು ಒಂದು. ಆಯಾ ವರ್ಷದ ಸೇವೆಗೆ ತಗಲುವ ಹಣವನ್ನು ಆ ವರ್ಷವೇ ತೆಗೆದಿಡಬೇಕು ಎಂಬುದು ಇನ್ನೊಂದು. ನೌಕರರ ಸಂಘಟನೆಗಳಿಗೆ ಮೊದಲನೆಯದು ಬಾಯಿಪಾಠವಾಗಿತ್ತು. ಎರಡನೆಯದಕ್ಕಾಗಿ ಅಷ್ಟೇ ಗಟ್ಟಿಯಾಗಿ ಕೂಗಿದವರು ಕಡಿಮೆ. ದಿವಾಳಿಗೆ ಮುನ್ನ ನಗರ ಪಿಂಚಣಿ ನಿಧಿಗೆ ಕಟ್ಟಬೇಕಾದ ಕಂತುಗಳನ್ನೇ ಮುಂದೂಡುತ್ತಿತ್ತು. ಮಾರುಕಟ್ಟೆ ಚೆನ್ನಾಗಿದ್ದ ವರ್ಷಗಳಲ್ಲಿ ನಿಧಿಯ ಮಂಡಳಿ ‘ಹದಿಮೂರನೇ ಚೆಕ್’ ಎಂಬ ಹೆಚ್ಚುವರಿ ಪಾವತಿ ಹಂಚಿದ್ದೂ ಉಂಟು. ಆ ಮಂಡಳಿಯಲ್ಲಿ ನೌಕರರ ಪ್ರತಿನಿಧಿಗಳೂ ಕೂತಿದ್ದರು ಎನ್ನುವುದನ್ನು ನಮ್ಮ ಪಕ್ಷದವರು ಸಾಮಾನ್ಯವಾಗಿ ಹೇಳುವುದಿಲ್ಲ.

2013ರ ಡಿಸೆಂಬರಿನಲ್ಲಿ ನ್ಯಾಯಾಧೀಶ ಸ್ಟೀವನ್ ರೋಡ್ಸ್ ತೀರ್ಪು ಕೊಟ್ಟರು: ಸಂವಿಧಾನ ಕೊಟ್ಟದ್ದು ಒಂದು ಕರಾರು, ದಿವಾಳಿ ಕಾನೂನಿನಲ್ಲಿ ಕರಾರು ಮುರಿಯಬಹುದು. ಸಾಮಾನ್ಯ ನೌಕರರ ಪಿಂಚಣಿ ಶೇ 4.5ರಷ್ಟು ಇಳಿಯಿತು. ನಮ್ಮ ತುಟ್ಟಿಭತ್ಯೆಯಂಥ ವಾರ್ಷಿಕ ಏರಿಕೆಯೂ ನಿಂತಿತು. ಅಷ್ಟಕ್ಕೇ ಬಚಾವಾಗಿದ್ದಕ್ಕೂ ಸಂವಿಧಾನ ಕಾರಣವಲ್ಲ. ನಗರದ ಕಲಾ ಸಂಗ್ರಹಾಲಯದ ಚಿತ್ರಗಳು ಹರಾಜಾಗದಿರಲಿ ಎಂದು ದತ್ತಿ ಸಂಸ್ಥೆಗಳು, ರಾಜ್ಯ ಸರ್ಕಾರ ಮತ್ತು ಸಂಗ್ರಹಾಲಯ ಸೇರಿ ಪಿಂಚಣಿ ನಿಧಿಗೆ ಸುಮಾರು 81.6 ಕೋಟಿ ಡಾಲರ್ ಕೊಡಲು ಒಪ್ಪಿದ್ದವು. ಬ್ರೂಗೆಲ್, ವ್ಯಾನ್ ಗೋರ ಚಿತ್ರಗಳಿಲ್ಲದ ಊರಾಗಿದ್ದರೆ?

ಷಿಕಾಗೊ ಇನ್ನೊಂದು ದಾರಿ ಹಿಡಿಯಿತು. ಆ ನಗರವಿರುವ ಇಲಿನಾಯ್ ರಾಜ್ಯದ ಸಂವಿಧಾನ ಪಿಂಚಣಿಗೆ ಕೊಟ್ಟ ರಕ್ಷೆಯನ್ನು ಅಲ್ಲಿನ ಸುಪ್ರೀಂ ಕೋರ್ಟ್ 2016ರಲ್ಲಿ ಅಕ್ಷರಶಃ ಎತ್ತಿಹಿಡಿದು, ನಗರದ ಪಿಂಚಣಿ ಸುಧಾರಣೆಯನ್ನು ರದ್ದು ಮಾಡಿತು. ಹಕ್ಕು ಗೆದ್ದಿತು. ಆದರೆ ನಗರ ದಶಕಗಳ ಕಾಲ ಹಣ ಕಟ್ಟಿದ್ದು ನೌಕರರ ವಂತಿಗೆಯ ಇಂತಿಷ್ಟು ಪಟ್ಟು ಎಂಬ ಸೂತ್ರದ ಪ್ರಕಾರ. ನಿಜವಾಗಿ ಎಷ್ಟು ಬೇಕು ಎಂಬ ಲೆಕ್ಕದ ಪ್ರಕಾರವಲ್ಲ. ಕೊರತೆ ತುಂಬಲು 2015ರಲ್ಲೇ ಆಸ್ತಿ ತೆರಿಗೆಯನ್ನು ಭಾರಿಯಾಗಿ ಏರಿಸಬೇಕಾಗಿತ್ತು.

ಈ ಪ್ರಶ್ನೆ ನಮ್ಮಲ್ಲೂ ಇದೆ. ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದೀಚೆಗೆ ಸೇರಿದ ಸರ್ಕಾರಿ ನೌಕರರು ಹಳೆ ಪಿಂಚಣಿ ಯೋಜನೆ ಮರಳಲಿ ಎಂದು ಕೇಳುತ್ತಿದ್ದಾರೆ. ವೃದ್ಧಾಪ್ಯಕ್ಕೆ ಭದ್ರತೆ ಬೇಕೆನ್ನುವ ಅವರ ಮಾತು ಸರಿಯೇ. ಆದರೆ ಹಳೆ ಯೋಜನೆಯಲ್ಲಿ ಮುಂದೂಡಲಿಕ್ಕೂ ಒಂದು ಕಂತಿಲ್ಲ, ಏಕೆಂದರೆ ಅದಕ್ಕೆ ನಿಧಿಯೇ ಇಲ್ಲ. ಆಯಾ ವರ್ಷದ ತೆರಿಗೆಯಿಂದಲೇ ಕೊಡಬೇಕು. ಖಾತರಿ ಕೇಳುವವರು ಪ್ರತಿ ಬಜೆಟ್ಟಿನಲ್ಲಿ ಜಮೆಯ ಚೀಟಿಯನ್ನೂ ಕೇಳಲಿ ಎಂಬುದಷ್ಟೇ ನನ್ನ ವಿನಂತಿ.

ಅಂದಹಾಗೆ, ದಿವಾಳಿಯ ಒಪ್ಪಂದ ಡೆಟ್ರಾಯಿಟ್‌ಗೆ ಪಿಂಚಣಿ ಕಂತಿನ ಬಹುಭಾಗದಿಂದ ಸುಮಾರು ಹತ್ತು ವರ್ಷ ವಿನಾಯಿತಿ ಕೊಟ್ಟಿತ್ತು. ಆ ಅವಧಿ ಮುಗಿಯುವ ಎಷ್ಟೋ ಮೊದಲೇ ನಗರ ನಿವೃತ್ತರಿಗಾಗಿ ಪ್ರತ್ಯೇಕ ನಿಧಿ ತೆರೆದು, ವರ್ಷ ವರ್ಷವೂ ಹಣ ಹಾಕುತ್ತ 40 ಕೋಟಿ ಡಾಲರಿಗೂ ಹೆಚ್ಚು ಕೂಡಿಟ್ಟಿತು.