ಕಣ್ಣೀರಿಗೆ ನಾಚಬೇಕಿಲ್ಲ, ಮರೆವಿಗೆ ನಾಚಬೇಕು

ನಮ್ಮ ಸಾಹಿತ್ಯಗೋಷ್ಠಿಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ಓದುಗರನ್ನು ಅಳಿಸುವ ಪ್ರೇಮಕಥೆ ಗಂಭೀರ ಸಾಹಿತ್ಯವಲ್ಲ, ಅದಕ್ಕೆ ಮನಸೋಲುವವರು ಪ್ರಬುದ್ಧ ಓದುಗರಲ್ಲ ಎಂಬುದೇ ಆ ಮಾತು. ವೇದಿಕೆಯಿಂದ ಹೀಗೆ ಅಪ್ಪಣೆಯಾದಾಗ ಸಭೆಯಲ್ಲಿ ನಗು ಹರಿಯುತ್ತದೆ. ಹಿಂದಿನ ಸಾಲುಗಳಲ್ಲಿ ಕುಳಿತ ನಮ್ಮ ತಾಯಂದಿರು ಮಾತ್ರ ನಗುವುದಿಲ್ಲ. ಅವರ ಮೌನದ ಪರವಾಗಿ ನಾವು ಇಲ್ಲಿ ನಾಲ್ಕು ಮಾತು ಹೇಳಬಯಸುತ್ತೇವೆ.

ಕರುಣ ರಸವನ್ನು ಹಗುರವಾಗಿ ಕಾಣುವುದು ನಮ್ಮ ಪರಂಪರೆಗೆ ತಿಳಿಯದ ಸಂಗತಿ. ಭವಭೂತಿ ಕರುಣವೊಂದನ್ನೇ ಮೂಲರಸವೆಂದು ಸಾರಿದ. ಅವನು ಹಾಗೆ ಸಾರಿದ ‘ಉತ್ತರರಾಮಚರಿತ’ ಅಗಲಿದ ದಂಪತಿಗಳ ಪ್ರೇಮದ ಕಥೆಯೇ ಆಗಿದೆ. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳನ್ನು ಇರುಳೆಲ್ಲ ಕುಳಿತು ಕೇಳಿದ ನಮ್ಮ ಹಿರಿಯರು, ಸೀತೆಯನ್ನು ಕಳೆದುಕೊಂಡ ರಾಮನ ಅಳಲಿಗೆ ಕಣ್ಣೊರೆಸಿಕೊಂಡೇ ಮನೆಗೆ ಮರಳಿದವರು. ಅವರನ್ನು ಯಾರೂ ಅಪ್ರಬುದ್ಧರೆನ್ನಲಿಲ್ಲ. ಹಲವು ಭಾಷೆಗಳ ಪಂಡಿತರೂ ಇತಿಹಾಸ ಸಂಶೋಧಕರೂ ಆಗಿದ್ದ ಮಂಜೇಶ್ವರದ ಗೋವಿಂದ ಪೈಗಳು ಅಗಲಿದ ಮಡದಿಯ ನೆನಪಿನಲ್ಲಿ ‘ನಂದಾದೀಪ’ದ ಕವಿತೆಗಳನ್ನು ಬರೆದರು. ಅಂತಹ ವಿದ್ವಾಂಸರು ನಾಚದೆ ತೋಡಿಕೊಂಡ ದುಃಖಕ್ಕೆ ನಾವೇಕೆ ನಾಚಬೇಕು?

ಹೀಗಿರುವಾಗ, ಹೆಂಗಸರು ಬರೆದು ಹೆಂಗಸರು ಓದಿದ ಕಾದಂಬರಿಗಳ ವಿಷಯಕ್ಕೆ ಬಂದೊಡನೆ ಅಳತೆಗೋಲು ಬದಲಾಗುವುದೇಕೆ? ‘ಅಡುಗೆಮನೆ ಸಾಹಿತ್ಯ’ವೆಂಬ ಕುಹಕದ ಹೆಸರು ಹುಟ್ಟಿದ್ದು ಅಂತಹ ಬರಹಗಳಿಗಾಗಿಯೇ. ಆ ಅಡುಗೆಮನೆ ನಮ್ಮ ಗಡಿನಾಡಿನಲ್ಲಿ ಏನು ಮಾಡಿತೆಂಬುದನ್ನು ಹೀಗಳೆಯುವವರು ಬಲ್ಲರೇ? 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಕಚೇರಿಯ ಭಾಷೆ ಬದಲಾಯಿತು; ಪೇಟೆಯ ಫಲಕಗಳು ಬದಲಾದವು. ಐದನೆಯ ತರಗತಿಗೇ ಶಾಲೆ ಬಿಟ್ಟ ನಮ್ಮ ತಾಯಂದಿರ ಕೈಯಲ್ಲಿ ಕನ್ನಡದ ಅಕ್ಷರ ಉಳಿದದ್ದು ಯಾವುದೇ ಠರಾವಿನಿಂದಲ್ಲ. ಮಧ್ಯಾಹ್ನದ ಕೆಲಸ ಮುಗಿಸಿ, ಸಂಘದ ಗ್ರಂಥಾಲಯದಿಂದ ಎರವಲು ತಂದ ತ್ರಿವೇಣಿಯವರ, ಎಂ. ಕೆ. ಇಂದಿರಾ ಅವರ ಕಾದಂಬರಿಗಳನ್ನು ಹಿಡಿದು ಕುಳಿತ ಆ ಒಂದು ಗಳಿಗೆಯಿಂದ. ನಮ್ಮ ಕಪಾಟಿನ ‘ಶರಪಂಜರ’ಕ್ಕೆ ಅಂಟಿಸಿದ ಎರವಲು ಚೀಟಿ ತುಂಬಿ, ಅದರ ಮೇಲೆ ಇನ್ನೆರಡು ಚೀಟಿಗಳನ್ನು ಅಂಟಿಸಬೇಕಾಯಿತು. ಪ್ರಬುದ್ಧರು ಶಿಫಾರಸು ಮಾಡಿದ ಎಷ್ಟೋ ಗ್ರಂಥಗಳ ಚೀಟಿಗಳು ಇಂದಿಗೂ ಬರಿದಾಗಿವೆ.

ಆದರೆ ನಮ್ಮ ದೂರು ಹೀಗಳೆಯುವವರ ಮೇಲೆ ಮಾತ್ರವೇ ಇದ್ದಿದ್ದರೆ ಈ ಲೇಖನ ಇಲ್ಲಿಗೇ ಮುಗಿಯುತ್ತಿತ್ತು. ಅದಕ್ಕಿಂತ ದೊಡ್ಡ ದೂರು ನಮ್ಮ ಮೇಲೆಯೇ ಇದೆ.

‘ಶರಪಂಜರ’ದ ಕಾವೇರಿ ಒಲಿದು ಕೈಹಿಡಿದ ಗಂಡನೊಡನೆ ಸುಖವಾಗಿ ಬಾಳಿದವಳು. ಬಾಣಂತಿತನದಲ್ಲಿ ಅವಳ ಮನಸ್ಸು ಕದಡುತ್ತದೆ. ಚಿಕಿತ್ಸೆ ಪಡೆದು, ಗುಣಹೊಂದಿ, ಆಸೆಯಿಂದ ಮನೆಗೆ ಮರಳುತ್ತಾಳೆ. ಗಂಡನ ಮನಸ್ಸು ಮೊದಲಿನಂತಿಲ್ಲ. ನೆರೆಹೊರೆಯವರಿಗೆ ಅವಳ ನಗುವಿನಲ್ಲೂ ಅನುಮಾನ, ಮಾತಿನಲ್ಲೂ ಅನುಮಾನ. ವೈದ್ಯರು ಗುಣಪಡಿಸಿದವಳನ್ನು ಮನೆಯವರೂ ಊರವರೂ ಸೇರಿ ಮತ್ತೆ ಅದೇ ಕತ್ತಲೆಗೆ ತಳ್ಳುತ್ತಾರೆ. ತ್ರಿವೇಣಿಯವರು ಮನಶ್ಶಾಸ್ತ್ರವನ್ನು ಅಭ್ಯಾಸ ಮಾಡಿದವರು. 1963ರಲ್ಲಿ, 35 ತುಂಬುವ ಮೊದಲೇ ತೀರಿಕೊಂಡವರು. ರೋಗಕ್ಕಿಂತ ಕ್ರೂರವಾದದ್ದು ರೋಗ ವಾಸಿಯಾದ ಮೇಲಿನ ನಮ್ಮ ನೋಟವೆಂದು ಅವರು ಕಂಡುಕೊಂಡಿದ್ದರು. ಪುಟ್ಟಣ್ಣ ಕಣಗಾಲರು 1971ರಲ್ಲಿ ಅದನ್ನು ಚಿತ್ರವಾಗಿಸಿದಾಗ ಕಲ್ಪನಾ ಅವರ ಕಾವೇರಿಯನ್ನು ನೋಡಿ ನಾಡಿಗೆ ನಾಡೇ ಅತ್ತಿತು. ನಾವೂ ಅತ್ತೆವು.

ಅತ್ತು ಮಾಡಿದ್ದೇನು? ಆಸ್ಪತ್ರೆಯಿಂದ ಮರಳಿದ ನೆರೆಮನೆಯ ಹೆಣ್ಣುಮಗಳನ್ನು ಮದುವೆಯ ಮನೆಯಲ್ಲಿ ಕಂಡಾಗ ನಾವು ಸ್ವಲ್ಪ ದೂರ ಸರಿದು ಕುಳಿತೆವು. ‘ಈಗ ಸರಿಯಾಗಿದ್ದಾಳಂತೆ’ ಎಂದು ಪಿಸುಗುಟ್ಟಿದೆವು. ಆ ‘ಅಂತೆ’ಯಲ್ಲಿ ಎಷ್ಟು ವಿಷವಿತ್ತು! ಮಗನಿಗೆ ಹೆಣ್ಣು ನೋಡುವಾಗ ‘ಆ ಮನೆತನದಲ್ಲಿ ಯಾರಿಗೋ ಇತ್ತಂತೆ’ ಎಂದು ಸಂಬಂಧವನ್ನೇ ಬಿಟ್ಟೆವು. ಪುಸ್ತಕದ ಕಾವೇರಿಗೆ ಕಣ್ಣೀರು, ಬೀದಿಯ ಕಾವೇರಿಗೆ ಮುಚ್ಚಿದ ಬಾಗಿಲು. ಕಥೆ ನಮ್ಮನ್ನು ಅಳಿಸಿದ್ದು ತಪ್ಪಲ್ಲ. ಆ ಕಥೆಯಲ್ಲಿ ನೆರೆಹೊರೆಯ ಪಾತ್ರ ವಹಿಸಿದವರು ನಾವೇ ಎಂಬುದನ್ನು ಗುರುತಿಸದೆ ಹೋದದ್ದು ತಪ್ಪು.

ಕಣ್ಣೀರಿನ ಕಥೆಗಳೆಲ್ಲವೂ ಶ್ರೇಷ್ಠವೆಂದು ನಾವು ವಾದಿಸುತ್ತಿಲ್ಲ. ಅತ್ತು ಮುಗಿಸಿದೊಡನೆ ನಮ್ಮನ್ನು ನಾವೇ ಒಳ್ಳೆಯವರೆಂದು ಮೆಚ್ಚಿಕೊಳ್ಳುವಂತೆ ಮಾಡುವ ಕಥೆಗಳೂ ಬೇಕಾದಷ್ಟಿವೆ. ಅವುಗಳನ್ನು ಟೀಕಿಸುವವರೊಡನೆ ನಮಗೆ ಜಗಳವಿಲ್ಲ. ಆದರೆ ಅತ್ತವರ ನೆಮ್ಮದಿಯನ್ನು ಕೆಡಿಸುವ ಕಥೆಯನ್ನೂ ಅದೇ ಬುಟ್ಟಿಗೆ ಹಾಕಿ ಎಸೆಯುವುದು ವಿಮರ್ಶೆಯಲ್ಲ, ಸೋಮಾರಿತನ.

ಆದುದರಿಂದ ಸಂಘದ ಮುಂದೆ ನಮ್ಮ ಎರಡು ಬೇಡಿಕೆಗಳಿವೆ. ಗ್ರಂಥಾಲಯದ ಹಳೆಯ ಪುಸ್ತಕಗಳನ್ನು ವಿಲೇವಾರಿ ಮಾಡುವ ಮಾತು ಬಂದಾಗಲೆಲ್ಲ ಮೊದಲು ಕಟ್ಟು ಕಟ್ಟುವುದು ಈ ಕಾದಂಬರಿಗಳನ್ನೇ. ಆ ಕಟ್ಟನ್ನು ಬಿಚ್ಚಿ, ಹರಿದವುಗಳಿಗೆ ಹೊಸ ರಟ್ಟು ಹಾಕಿಸಿ. ಮುಂದಿನ ಸಮ್ಮೇಳನದಲ್ಲಿ ಇವುಗಳ ಬಗೆಗೆ ಒಂದು ಗೋಷ್ಠಿಯನ್ನು ಏರ್ಪಡಿಸಿ, ಹಿಂದಿನ ಸಾಲಿನ ತಾಯಂದಿರನ್ನು ವೇದಿಕೆಗೆ ಕರೆಯಿರಿ. ಅವರು ಏಕೆ ಅತ್ತರೆಂದು ಕೇಳೋಣ. ಅನಂತರ ಅಂತಹ ಹೆಣ್ಣುಮಗಳೊಬ್ಬಳು ಸಭೆಗೆ ಬಂದರೆ ಅವಳ ಪಕ್ಕದ ಕುರ್ಚಿಯಲ್ಲಿ ಯಾರು ಕುಳಿತುಕೊಳ್ಳುವರೆಂದು ನಮ್ಮನ್ನೇ ಕೇಳಿಕೊಳ್ಳೋಣ.