ಅವನು ಒಪ್ಪುವ ತನಕ ಮನೆಯವರೇಕೆ ಕಾಯಬೇಕು?

ಬೆಂಗಳೂರಿನ ಪೀಣ್ಯದ ಕಾಂಪೌಂಡ್ ಗೋಡೆಗಳ ಮೇಲೆ, ಬಸ್ ಸ್ಟಾಪಿನ ಕಂಬಗಳ ಮೇಲೆ ಒಂದು ಜಾಹೀರಾತು ಆಗಾಗ ಕಣ್ಣಿಗೆ ಬೀಳುತ್ತದೆ: ಕುಡಿಯುವವರಿಗೆ ಗೊತ್ತಾಗದಂತೆ ಕುಡಿತ ಬಿಡಿಸಲಾಗುವುದು. ಕೆಳಗೊಂದು ಮೊಬೈಲ್ ನಂಬರು. ಆ ನಂಬರಿಗೆ ಫೋನ್ ಮಾಡುವುದು ಹೆಂಡತಿ, ತಾಯಿ, ಇಲ್ಲವೇ ಅಕ್ಕ. ಸಾರಿನಲ್ಲೋ ಕಾಫಿಯಲ್ಲೋ ಬೆರೆಸಲು ಪುಡಿ ತರಿಸಿಕೊಳ್ಳುತ್ತಾರೆ. ಅದರಲ್ಲಿ ಏನಿದೆಯೆಂದು ಅವರಿಗೂ ತಿಳಿದಿರುವುದಿಲ್ಲ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಇದ್ದು, ಅದರ ಮೇಲೆ ಅವನು ಕುಡಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಸಂಚಕಾರ ಬರಬಹುದು. ವೈದ್ಯರು ಈ ಮಾತ್ರೆಯನ್ನು ರೋಗಿಗೆ ತಿಳಿಸಿ, ಒಪ್ಪಿಸಿಯೇ ಕೊಡುವುದು ಅದಕ್ಕೇ.

ಇಷ್ಟು ಅಪಾಯದ ದಾರಿಯನ್ನು ಮನೆಯವರು ಹಿಡಿಯುವುದು ಬೇರೆ ದಾರಿ ಕಾಣದಿದ್ದಾಗ. ಅಷ್ಟರಲ್ಲಿ ಅವರು ಮಾಡಬಾರದ್ದನ್ನೆಲ್ಲ ಮಾಡಿ ಮುಗಿಸಿರುತ್ತಾರೆ. ಗಂಡನಿಗೆ ಜ್ವರವೆಂದು ಸೂಪರ್‌ವೈಸರ್‌ಗೆ ಸುಳ್ಳು ಹೇಳಿರುತ್ತಾರೆ, ಚೀಟಿ ಎತ್ತಿ ಸಾಲ ತೀರಿಸಿರುತ್ತಾರೆ, ಒಡವೆ ಅಡವಿಟ್ಟಿರುತ್ತಾರೆ, ನೆಂಟರ ಕಣ್ಣು ತಪ್ಪಿಸಲು ಹಬ್ಬಕ್ಕೂ ಊರಿಗೆ ಹೋಗದೆ ಉಳಿದಿರುತ್ತಾರೆ.

ಈ ಮನೆಗಳ ಲೆಕ್ಕ ಹೇಗೆ ತಪ್ಪುತ್ತದೆ ಎಂಬುದನ್ನು ನಿಮ್ಹಾನ್ಸ್‌ನ ಡಾ. ವಿವೇಕ್ ಬೆನೆಗಲ್ ಮತ್ತು ಸಹೋದ್ಯೋಗಿಗಳು 2000ದಲ್ಲೇ ತೋರಿಸಿಕೊಟ್ಟರು. ಅವರ ಅಧ್ಯಯನದಲ್ಲಿದ್ದ ಮದ್ಯವ್ಯಸನಿ ತಿಂಗಳಿಗೆ ಸರಾಸರಿ 1,661 ರೂಪಾಯಿ ದುಡಿಯುತ್ತಿದ್ದ, ಕುಡಿತಕ್ಕೆ 1,938 ರೂಪಾಯಿ ಸುರಿಯುತ್ತಿದ್ದ. ಕೊರತೆ ತುಂಬುತ್ತಿದ್ದದ್ದು ಸಾಲ ಮತ್ತು ಮನೆಯ ಉಳಿದವರ ದುಡಿಮೆ.

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಫ್ಲಾಟುಗಳಲ್ಲಿ ಹಣಕ್ಕಿಂತ ಭಯ ದೊಡ್ಡದು. ಮಗನ ಬ್ಯಾಗಿನಲ್ಲಿ ಗಾಂಜಾ ಅಥವಾ ಎಂಡಿಎಂಎ ಸಿಕ್ಕರೆ ತಂದೆ ತಾಯಿಗೆ ಮೊದಲು ನೆನಪಾಗುವುದು ಪೊಲೀಸ್ ಠಾಣೆ, ಆಮೇಲೆ ಕಂಪನಿಯ ಎಚ್‌ಆರ್. ಬಾಯಿ ಮುಚ್ಚಿಕೊಂಡು ತಿಂಗಳುಗಟ್ಟಲೆ ಕಳೆಯುತ್ತಾರೆ. 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮು ಅವರಲ್ಲಿ ಎಷ್ಟು ಜನರಿಗೆ ಗೊತ್ತು? ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಪೂರ್ತಿ ಚಿಕಿತ್ಸೆ ಪಡೆದರೆ ಆತನಿಗೆ ವಿಚಾರಣೆಯಿಂದ ರಕ್ಷಣೆ ಇದೆ. ಇದನ್ನು ಪ್ರತಿ ಅಪಾರ್ಟ್‌ಮೆಂಟ್ ಸಂಘದ ಸಭೆಯಲ್ಲೂ ಓದಿ ಹೇಳಬೇಕು.

ಕೆಲವರು ಕೋಣೆಯಲ್ಲಿ ಕೂಡಿಹಾಕಿ ಬಿಡಿಸಲು ನೋಡುತ್ತಾರೆ. ವರ್ಷಗಟ್ಟಲೆ ವಿಪರೀತ ಕುಡಿದವನು ಏಕಾಏಕಿ ನಿಲ್ಲಿಸಿದರೆ ಮೊದಲ ಎರಡು ಮೂರು ದಿನಗಳಲ್ಲಿ ಫಿಟ್ಸ್ ಬರಬಹುದು, ಸನ್ನಿ ಹಿಡಿದು ಪ್ರಾಣವೇ ಹೋಗಬಹುದು. ಆಗ ಬೇಕಾದದ್ದು ವೈದ್ಯರು. ಇನ್ನು ಕೆಲವರು ಊರ ಹೊರಗಿನ ಖಾಸಗಿ ಕೇಂದ್ರಕ್ಕೆ ಒಪ್ಪಿಸಿ ಬರುತ್ತಾರೆ. 2025ರಲ್ಲಿ ನೆಲಮಂಗಲ ಬಳಿಯ ಅಂಥ ಕೇಂದ್ರವೊಂದರಲ್ಲಿ ದಾಖಲಾಗಿದ್ದವರೊಬ್ಬರನ್ನು ದೊಣ್ಣೆಯಿಂದ ಬಡಿಯುವ ವಿಡಿಯೊ ಹೊರಬಂದು ನಾಡೇ ನೋಡಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ವ್ಯಸನವನ್ನೂ ಚಿಕಿತ್ಸೆ ಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸಿದೆ, ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸಿದೆ. ಸೇರಿಸುವ ಮುನ್ನ ನೋಂದಣಿ ಪತ್ರ ತೋರಿಸಿ ಎಂದು ಕೇಳುವ ಹಕ್ಕು ಮನೆಯವರಿಗಿದೆ.

ಏಮ್ಸ್ ನೇತೃತ್ವದ 2019ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬರಿಗಷ್ಟೇ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ಉಳಿದ 37 ಮನೆಗಳಿಗೆ ಇಂದು ಸಿಗುವ ಉತ್ತರ ಒಂದೇ: ಅವನು ಮನಸ್ಸು ಮಾಡಲಿ, ಆಮೇಲೆ ಕರೆದುಕೊಂಡು ಬನ್ನಿ.

ಈ ಉತ್ತರ ಬದಲಾಗಲೇಬೇಕು. ಚಿಕಿತ್ಸೆ ಒಲ್ಲೆನೆನ್ನುವವರ ಕುಟುಂಬಕ್ಕೆ ಮೊದಲು ತರಬೇತಿ ಕೊಡುವ ಕ್ರಾಫ್ಟ್ ಎಂಬ ವಿಧಾನವನ್ನು ಅಮೆರಿಕದ ರಾಬರ್ಟ್ ಮೇಯರ್ಸ್ ರೂಪಿಸಿದರು. ಬೈಯದೆ ಮಾತಾಡುವುದು, ಕುಡಿಯದ ದಿನ ಜೊತೆಗೆ ಕೂರುವುದು, ಕುಡಿದು ಮಾಡಿದ ಹಾನಿಯನ್ನು ತಾವು ಮುಚ್ಚಿಹಾಕದಿರುವುದು, ಹೊಡೆತದಿಂದ ತಪ್ಪಿಸಿಕೊಳ್ಳುವುದು ಆ ತರಬೇತಿಯ ಪಾಠಗಳು. 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೀಗೆ ಕಲಿತ ಕುಟುಂಬಗಳ ಶೇ 64ರಷ್ಟು ಮಂದಿ ತಮ್ಮವರನ್ನು ಚಿಕಿತ್ಸೆಗೆ ಒಪ್ಪಿಸಿದರು. ಮನೆಯವರನ್ನು ಜೊತೆಗೆ ಸೇರಿಸಿಕೊಳ್ಳುವುದು ನಮಗೂ ಹೊಸದಲ್ಲ. ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳಲ್ಲಿ ಕುಟುಂಬದವರೂ ಪಾಲ್ಗೊಳ್ಳುತ್ತಾರೆ, ಶಿಬಿರ ಮುಗಿದ ಮೇಲೆ ನವಜೀವನ ಸಮಿತಿ ಬೆನ್ನಿಗೆ ನಿಲ್ಲುತ್ತದೆ. ಊರುಗಳಲ್ಲಿ ಸಾಧ್ಯವಾದದ್ದು ಶೆಡ್ಡು, ಪಿಜಿ, ಬಾಡಿಗೆ ಮನೆಗಳ ಹೊರವಲಯಕ್ಕೂ ಬರಬೇಕು.

ನಿಮ್ಹಾನ್ಸ್‌ನಲ್ಲಿ ಒಳ್ಳೆಯ ವ್ಯಸನ ಚಿಕಿತ್ಸಾ ಕೇಂದ್ರವಿದೆ. ಆದರೆ ಪೀಣ್ಯದ ಗಾರ್ಮೆಂಟ್ಸ್ ಹೆಣ್ಣುಮಗಳು ಅಲ್ಲಿಗೆ ಹೋಗಿ ಬರುವಷ್ಟರಲ್ಲಿ ಒಂದು ದಿನದ ಕೂಲಿ ಹೋಗಿರುತ್ತದೆ. ಇಎಸ್‌ಐ ಕಾರ್ಮಿಕರ ಕುಟುಂಬಕ್ಕೂ ಚಿಕಿತ್ಸೆ ಕೊಡುತ್ತದೆ. ಕೈಗಾರಿಕಾ ಪ್ರದೇಶದ ಇಎಸ್‌ಐ ಚಿಕಿತ್ಸಾಲಯಗಳಲ್ಲಿ ವಾರಕ್ಕೊಂದು ಸಂಜೆ, ಶಿಫ್ಟ್ ಮುಗಿದ ಮೇಲೆ, ಮನೆಯವರಿಗೆಂದೇ ಆಪ್ತಸಮಾಲೋಚಕರು ಕೂರಲಿ. 14446 (ವ್ಯಸನಮುಕ್ತಿ) ಮತ್ತು 14416 (ಮಾನಸಿಕ ಆರೋಗ್ಯ) ಸಹಾಯವಾಣಿಗಳಿಗೆ ಮನೆಯವರೂ ಕರೆ ಮಾಡಬಹುದೆಂದು ಆ ಗೋಡೆ ಜಾಹೀರಾತುಗಳ ಪಕ್ಕದಲ್ಲೇ ಬರೆಸಲಿ. 2025-26ಕ್ಕೆ ಅಬಕಾರಿಯಿಂದ 40,000 ಕೋಟಿ ರೂಪಾಯಿ ಗುರಿ ಇಟ್ಟುಕೊಂಡ ರಾಜ್ಯ ಸರ್ಕಾರ ಆ ಹಣದಲ್ಲಿ ಈ ಕುಟುಂಬಗಳಿಗೆ ಎಷ್ಟು ಮೀಸಲಿಡುತ್ತದೆ ಎಂಬುದನ್ನು ಮುಂದಿನ ಬಜೆಟ್ಟಿನಲ್ಲಿ ಪ್ರತ್ಯೇಕ ಸಾಲಾಗಿ ತೋರಿಸಬೇಕು.