ಮೊಳಕಾಲ್ಮೂರಿನವನ ಮೊಳಕಾಲು

ನಮ್ಮ ರೂಮಲ್ಲಿ ಮೂರು ಜನ. ಇಬ್ಬರು ಚಳ್ಳಕೆರೆಯವರು, ಒಬ್ಬ ಮೊಳಕಾಲ್ಮೂರಿನವನು. ಊರಿನ ಹೆಸರಲ್ಲೇ ಮೊಳಕಾಲಿದೆ ಅಂತ ಮೊದಲ ಸೆಮಿಸ್ಟರ್‌ನಿಂದಲೂ ಅವನನ್ನ ರೇಗಿಸುತ್ತಾ ಬಂದಿದ್ದೆವು. ಐದನೇ ಸೆಮಿಸ್ಟರ್‌ನಲ್ಲಿ ಆ ಮೊಳಕಾಲು ನಿಜವಾಗಿಯೂ ಕೈಕೊಟ್ಟಾಗ ನಗು ನಿಂತಿತು.

ಆಗಿದ್ದಿಷ್ಟು. ಮೆಸ್ ಊಟ, ರಾತ್ರಿ ಹನ್ನೊಂದಕ್ಕೆ ಮ್ಯಾಗಿ, ದಿನವಿಡೀ ಲ್ಯಾಪ್‌ಟಾಪ್. ಎರಡು ವರ್ಷದಲ್ಲಿ ಮೂವರೂ ಸೇರಿ ಮೂವತ್ತು ಕಿಲೋ ಏರಿದ್ದೆವು. ಒಂದು ಸೋಮವಾರ 'ಮೂವತ್ತು ದಿನದ ಚಾಲೆಂಜ್' ಶುರು ಮಾಡಿದೆವು. ಬೆಳಿಗ್ಗೆ ಐದು ಕಿಲೋಮೀಟರ್ ಓಟ, ಸಂಜೆ ನೂರು ಬಸ್ಕಿ. ಒಂಬತ್ತನೇ ದಿನ ಅವನಿಗೆ ಮೆಟ್ಟಿಲು ಇಳಿಯೋಕೆ ಆಗಲಿಲ್ಲ. ಹನ್ನೊಂದನೇ ದಿನ ನಮ್ಮಲ್ಲೊಬ್ಬನ ಸೊಂಟ ಹಿಡಿಯಿತು. ಆಮೇಲೆ ಒಂದು ತಿಂಗಳು ಪೂರ್ತಿ ರೆಸ್ಟ್. ಇಳಿದಿದ್ದ ಒಂದು ಕಿಲೋ ವಾಪಸ್ ಬಂತು, ಜೊತೆಗೆ ಇನ್ನೊಂದನ್ನೂ ಕರಕೊಂಡು ಬಂತು.

ನಮ್ಮ ವಾದ ಇಷ್ಟೇ: ತೂಕ ಇಳಿಸೋ ಕೆಲಸವನ್ನ ಮಂಡಿಗೆ ಹೊರಿಸಬಾರದು. ಅದು ಹೆಚ್ಚಾಗಿ ತಟ್ಟೆಯ ಕೆಲಸ. ವ್ಯಾಯಾಮದ ಮುಖ್ಯ ಕೆಲಸ ಮಂಡಿ, ಬೆನ್ನು, ಸ್ನಾಯುಗಳನ್ನ ಗಟ್ಟಿ ಮಾಡೋದು. ಎರಡನ್ನೂ ಓಟದ ತಲೆಗೇ ಕಟ್ಟಿದ್ದು ನಮ್ಮ ತಪ್ಪು.

ಲೆಕ್ಕ ನಮ್ಮೂರಿನದೇ ಹಾಕೋಣ. ಚಳ್ಳಕೆರೆ ಅಂದ್ರೆ ಎಣ್ಣೆ ಮಿಲ್ಲು, ಶೇಂಗಾ. ರಜೆ ಮುಗಿಸಿ ಬರುವಾಗ ಬ್ಯಾಗಲ್ಲಿ ಹುರಿದ ಶೇಂಗಾ ಇಲ್ಲದೆ ನಾವು ಬಸ್ ಹತ್ತಿದ್ದೇ ಇಲ್ಲ. ನೂರು ಗ್ರಾಂ ಶೇಂಗಾ ಬೀಜದಲ್ಲಿ ಸುಮಾರು 560 ಕಿಲೋ ಕ್ಯಾಲರಿ. ಎಪ್ಪತ್ತು ಕಿಲೋ ತೂಕದವರು ಒಂದು ಕಿಲೋಮೀಟರ್ ನಡೆದರೆ ಕರಗೋದು ಹೆಚ್ಚುಕಮ್ಮಿ 50. ಅಂದರೆ ಸಿನಿಮಾ ನೋಡ್ತಾ ಖಾಲಿ ಮಾಡಿದ ಒಂದು ಪೊಟ್ಟಣಕ್ಕೆ ಹತ್ತು ಕಿಲೋಮೀಟರಿಗೂ ಮೇಲೆ ನಡಿಗೆ! ಶೇಂಗಾ ಕೆಟ್ಟದ್ದಲ್ಲ (ಹಾಗಂದ್ರೆ ಊರಿಗೆ ಸೇರಿಸಲ್ಲ), ಆದರೆ ಮುಷ್ಟಿ ಬೇರೆ, ಪೊಟ್ಟಣ ಬೇರೆ. ಮಂಡಕ್ಕಿ ಜೊತೆಗಿನ ಮೆಣಸಿನಕಾಯಿ ಬಜ್ಜಿಯ ಲೆಕ್ಕ ನೀವೇ ಹಾಕಿಕೊಳ್ಳಿ.

ಈ ವಿಷಯ ನಮಗೆ ಬರೀ ಹಾಸ್ಟೆಲ್ ತಮಾಷೆಯಾಗಿ ಉಳಿಯದೇ ಇರೋಕೆ ಕಾರಣ ಗೆಳೆಯನ ಅಮ್ಮ. ದಸರಾ ರಜೆಯಲ್ಲಿ ಅವನ ಮನೆಗೆ ಹೋಗಿದ್ದೆವು. ಮೊಳಕಾಲ್ಮೂರು ರೇಷ್ಮೆ ಸೀರೆ ನಿಮಗೆ ಗೊತ್ತಿರುತ್ತೆ, ಅದನ್ನ ನೇಯುವ ಗುಂಡಿ ಮಗ್ಗ ನೋಡಿರಲಿಕ್ಕಿಲ್ಲ. ನೆಲದ ಅಂಚಿಗೆ ಕೂತು, ಕಾಲು ಗುಂಡಿಗೆ ಇಳಿಬಿಟ್ಟು, ಹಲಗೆ ತುಳಿಯುತ್ತಾ, ಮುಂದಕ್ಕೆ ಬಾಗಿ ಲಾಳಿ ಓಡಿಸಬೇಕು. ದಿನಗಟ್ಟಲೆ. ಅಮ್ಮನಿಗೆ ಮಂಡಿಯೂ ನೋವು, ಸೊಂಟವೂ ನೋವು. ಡಾಕ್ಟರ್ ಹೇಳಿದ್ದು ಒಂದೇ ಮಾತು, "ತೂಕ ಇಳಿಸಿ, ವಾಕಿಂಗ್ ಮಾಡಿ." ಹೇಗೆ, ಎಷ್ಟು ಅಂತ ಹೇಳಲಿಲ್ಲ. "ನಡೆದ್ರೆ ನೋವು, ನಡೀದಿದ್ರೆ ತೂಕ. ಎಲ್ಲಿಗೆ ಹೋಗ್ಲಿ ಹೇಳ್ರಪ್ಪಾ?" ಅಂತ ಅಮ್ಮ ಕೇಳಿದಾಗ ಇಂಜಿನಿಯರಿಂಗ್ ಓದುವ ಮೂವರಲ್ಲಿ ಒಬ್ಬರ ಹತ್ತಿರವೂ ಉತ್ತರ ಇರಲಿಲ್ಲ. ಕಾಲು ಹಲಗೆ ತುಳಿಯದಿದ್ದರೆ ಸೀರೆ ಇಲ್ಲ, ಸೀರೆ ಇಲ್ಲದಿದ್ದರೆ ಕೂಲಿ ಇಲ್ಲ. ನಮ್ಮ ಸೆಮಿಸ್ಟರ್ ಫೀಸು ಹೋಗೋದು ಅಂಥ ಕೂಲಿಯಿಂದಲೇ.

ವಾಪಸ್ ಬಂದು ಓದಿದೆವು, ಒಬ್ಬ ಫಿಸಿಯೋಥೆರಪಿಸ್ಟ್ ಹತ್ತಿರವೂ ಹೋದೆವು. 2005ರಲ್ಲಿ ಅಮೆರಿಕದಲ್ಲಿ ಮಂಡಿ ಸವೆತ ಇರುವ, ತೂಕ ಹೆಚ್ಚಿದ್ದ ಹಿರಿಯರ ಮೇಲೆ ಒಂದು ಅಧ್ಯಯನ ಪ್ರಕಟವಾಯಿತು: ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋದಷ್ಟು ಕಡಿಮೆ. ಐದು ಕಿಲೋ ಇಳಿದರೆ ಇಪ್ಪತ್ತು. ದಿನಕ್ಕೆ ಎಷ್ಟು ಸಾವಿರ ಹೆಜ್ಜೆ ಇಡ್ತೀವಿ ಅಂತ ಗುಣಿಸಿ ನೋಡಿ. ಅದೇ ಥರದ ಜನರ ಮೇಲೆ 2013ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ, ಬರೀ ವ್ಯಾಯಾಮಕ್ಕಿಂತ ಊಟದ ಹತೋಟಿ ಮತ್ತು ವ್ಯಾಯಾಮ ಎರಡೂ ಸೇರಿದಾಗ ನೋವು ಹೆಚ್ಚು ತಗ್ಗಿತು. ಬೆನ್ನಿನ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಕೊಟ್ಟ ಮಾರ್ಗಸೂಚಿ ಇನ್ನೂ ಸ್ಪಷ್ಟ: ಬಹುಕಾಲದ ಸೊಂಟನೋವಿಗೆ ವ್ಯಾಯಾಮ ಬೇಕು, ಮಾಮೂಲಿಯಾಗಿ ಬೆಲ್ಟ್ ಬೇಡ. ಹಾಸ್ಟೆಲ್‌ನಲ್ಲಿ ಬೆಲ್ಟ್ ಕಟ್ಟಿಕೊಂಡು ಮಲಗಿರುವ ಸೀನಿಯರ್‌ಗಳು ದಯವಿಟ್ಟು ಗಮನಿಸಿ.

ಫಿಸಿಯೋ ಹೇಳಿಕೊಟ್ಟ ನೋವಿನ ಲೆಕ್ಕ ನಮಗೆ ತುಂಬಾ ಹಿಡಿಸಿತು. ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಿ. ವ್ಯಾಯಾಮ ಮಾಡುವಾಗ ಮೂರರೊಳಗಿದ್ದು, ಮರುದಿನ ಬೆಳಿಗ್ಗೆಗೆ ಮೊದಲಿನಂತಾದರೆ ಮುಂದುವರಿಸಿ. ಐದು ದಾಟಿದರೆ ಅಥವಾ ಮರುದಿನವೂ ಹೆಚ್ಚೇ ಇದ್ದರೆ ಹೊರೆ ತಗ್ಗಿಸಿ, ಪೂರ್ತಿ ನಿಲ್ಲಿಸಬೇಡಿ. ನಾವು ಮಾಡಿದ್ದು ಸರಿಯಾಗಿ ಇದರ ಉಲ್ಟಾ. ಏಳರಲ್ಲೂ ಓಡಿದೆವು, ಆಮೇಲೆ ಸೊನ್ನೆ ಬರೋವರೆಗೂ ಮಲಗಿದೆವು.

ಅಮ್ಮ ಈಗ ಮಾಡ್ತಿರೋದು ಇಷ್ಟು. ಸಮತಟ್ಟಾದ ರಸ್ತೆಯಲ್ಲಿ ಬಿಸಿಲೇರುವ ಮುಂಚೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ ನಡಿಗೆ. ಕುರ್ಚಿಯಿಂದ ಕೈ ಊರದೆ ಎದ್ದು ಕೂರೋದು, ಎಂಟು ಸಲ. ಅಂಗಾತ ಮಲಗಿ, ಮಂಡಿ ಮಡಚಿ, ಸೊಂಟ ಮೇಲೆತ್ತಿ ಐದು ಎಣಿಸೋದು. ಮಗ್ಗದಿಂದ ಅರ್ಧ ಗಂಟೆಗೊಮ್ಮೆ ಏಳೋದು. ಮುದ್ದೆ ಒಂದೂವರೆಯಿಂದ ಒಂದಕ್ಕೆ ಇಳಿದಿದೆ, ಸೊಪ್ಪು ಕಾಳು ಜಾಸ್ತಿಯಾಗಿದೆ. ನಾಲ್ಕು ತಿಂಗಳಲ್ಲಿ ಮೂರು ಕಿಲೋ. ನೋವು ಹೋಗಿಲ್ಲ, ಆದರೆ ಗುಂಡಿಯಿಂದ ಕಾಲೆತ್ತಿ ಏಳುವಾಗ ಮಗನನ್ನ ಕರೆಯೋದು ನಿಂತಿದೆ.

ಎಲ್ಲ ನೋವಿಗೂ ಇದೇ ಮದ್ದಲ್ಲ. ಮಂಡಿ ಊದಿಕೊಂಡರೆ, ಮಡಚಿದ್ದು ಸಿಕ್ಕಿಹಾಕಿಕೊಂಡರೆ, ಕಾಲು ಜೋಮು ಹಿಡಿದು ಬಲ ಕಳೆದುಕೊಂಡರೆ, ನೋವಿನ ಜೊತೆ ಜ್ವರ ಬಂದರೆ ಮೊದಲು ಡಾಕ್ಟರ್ ಹತ್ತಿರ ಹೋಗಿ. ಸೊಂಟನೋವಿನ ಜೊತೆ ಮೂತ್ರದ ಹತೋಟಿ ತಪ್ಪಿದರೆ ಅದೇ ಗಂಟೆ ಆಸ್ಪತ್ರೆಗೆ.

ಕ್ಯಾಂಪಸ್ ಜಿಮ್‌ನಲ್ಲಿ ಲಕ್ಷಗಟ್ಟಲೆಯ ಮಷೀನುಗಳಿವೆ, ಹೇಳಿಕೊಡುವವರು ಒಬ್ಬರೂ ಇಲ್ಲ. ಸೆಮಿಸ್ಟರಿಗೆ ಎರಡು ದಿನವಾದರೂ ಫಿಸಿಯೋಥೆರಪಿಸ್ಟ್ ಒಬ್ಬರನ್ನ ಕರೆಸಿ ಅಂತ ಅರ್ಜಿ ಬರೆದಿದ್ದೇವೆ. ಸಹಿ ಹಾಕುವವರು ಹಾಸ್ಟೆಲ್‌ನ ಮೂರನೇ ಮಹಡಿಯ ನಮ್ಮ ರೂಮಿಗೆ ಬನ್ನಿ. ಲಿಫ್ಟ್ ಕೆಟ್ಟಿದೆ, ನಿಧಾನಕ್ಕೆ ಹತ್ತಿ. ಇಳಿಯುವಾಗ ಇನ್ನೂ ನಿಧಾನ.